ದೊಡ್ಡಪ್ಪ ಕೂತಿದ್ದ ಚಪ್ಪಡಿ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಎಲ್ಲ ಕೆಡಲು ಶುರುವಾಯಿತು. ಐ.ಡಿ.ಹಳ್ಳಿ ಹತ್ತಿರದ ನಮ್ಮ ಹೊಲಕ್ಕೆ, ನೀರು ಕಡಿಮೆಯಾದ ಬೋರಿನೊಳಗೆ ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆಯ ಬಿರುಕು ಅಗಲಿಸುವ ಲಾರಿ ಬಂದಿತ್ತು. ಹೊರದೇಶಗಳಲ್ಲಿ ಇದೇ ವಿದ್ಯೆಯಿಂದ ಬಂಡೆಯೊಳಗಿನ ಅನಿಲ ತೆಗೆಯುತ್ತಾರೆ, ಲಾಭ ದೊಡ್ಡದು, ಆದರೆ ಬಿರುಕು ಎತ್ತ ಓಡುತ್ತದೆಂದು ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ. ಹೇಳಿದರೆ ದೊಡ್ಡಪ್ಪ, "ನೀನು ಓದಿರೋದು ಗ್ಯಾಸಿಂದು ಕಣ್ಲಾ, ನಮ್ಗೆ ಬೇಕಿರೋದು ನೀರು" ಎಂದು ಬಾಯಿ ಮುಚ್ಚಿಸಿದ.

ಪಾವಗಡ ಕಡೆಯ ಆಪರೇಟರ್ ತನ್ನ ತೆಲುಗು ಬೆರೆತ ಮಾತಿನಲ್ಲಿ ದೊಡ್ಡಪ್ಪನನ್ನು ಕೇಳಿಯೇ ಕೇಳಿದ್ದ: "ಪೆದ್ದಾಯನಾ, ಪಕ್ಕದಾಗೆ ಬೇರೆ ಬೋರು ಏಮನ್ನಾ ಐತಾ?"

"ಒಂದೂ ಇಲ್ಲ. ನೀನು ಬುಡಪ್ಪ ನೀರ್ನ."

ಹಾಗೆನ್ನುವಾಗ ದೊಡ್ಡಪ್ಪ ಕೂತಿದ್ದದ್ದು ಹಳೆಯ ಬೋರೊಂದರ ಬಾಯಿ ಮುಚ್ಚಿದ ಚಪ್ಪಡಿಯ ಮೇಲೆ! ಸುಳ್ಳು ಹೇಳಲಿಲ್ಲ, ಪಾಪ. ನಮ್ಮ ಸೀಮೆಯಲ್ಲಿ ನೀರು ಬಾರದ್ದನ್ನು ಯಾರೂ ಬೋರೆಂದು ಎಣಿಸುವುದಿಲ್ಲ. ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಎಳೆದರೆ, ಅದು ಹೊಂಗೆ ನೆರಳಿನ ಕಟ್ಟೆ.

ಪಂಪು ಅಬ್ಬರಿಸಿತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ, "ಲೇ, ಕಲ್ಲು ಯಾಕೋ ನಡುಗ್ತೈತೆ" ಎಂದ. ಎದ್ದು ಓಡುವುದು ಬಿಟ್ಟು, ಮಂಡಿಯೂರಿ ಬಗ್ಗಿ ಕಲ್ಲಿಗೆ ಕಿವಿ ಕೊಟ್ಟ. ನಾನು ಕಿರುಚಿದೆ, ಕೈಯಾಡಿಸಿ ಸುಮ್ಮನಿರೆಂದ. ದೂರದಿಂದ ದೊಡ್ಡಮ್ಮ, "ಏಳಾಕೂ ಕರೆಯೋಲೆ ಕೊಡಬೇಕೇನು ನಿಂಗೆ?" ಎಂದು ಚುಚ್ಚಿದಳು. ಅವಳಿಗೆ ಉತ್ತರ ಕೊಡಲೆಂದೇ ಎದ್ದು ಈಚೆ ಬಂದ. ಬೆನ್ನ ಹಿಂದೆ ಚಪ್ಪಡಿ ಹಾರಿತು. ಕೆಸರು ನೀರು ಹೊಂಗೆ ಕೊಂಬೆಗೆ ಬಡಿಯಿತು. ಕಲ್ಲು ಕೆಳಗೆ ಬಿದ್ದು ಎರಡು ಹೋಳಾಯಿತು. ಆಪರೇಟರ್ ಪಂಪು ನಿಲ್ಲಿಸಿ ತಲೆ ಹಿಡಿದು ಕೂತ.

ದೊಡ್ಡಪ್ಪ ಮುಖದ ಕೆಸರು ಒರೆಸಿಕೊಂಡು ಏನೆಂದ ಗೊತ್ತೆ? "ನೋಡ್ಲಾ, ಸತ್ತ ಬೋರಲ್ಲೂ ಗಂಗಮ್ಮ ಬಂದ್ಬುಟ್ಲು!"

ಲಾರಿಯವರು ನೀರು ನುಗ್ಗಿಸಿದ ಬೋರಿನಲ್ಲಿ ನೀರು ಹೆಚ್ಚಿದ್ದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಈ ತೂತಿಗೂ ಮೋಟರ್ ಇಳಿಸುತ್ತೇನೆಂದು ದೊಡ್ಡಪ್ಪ ಅದರ ಬಾಯಿ ಮುಚ್ಚದೆ ಹಾಗೇ ಬಿಟ್ಟ. ಕುರಿ ಕಾಯುವವರ ಮಕ್ಕಳು ಓಡಾಡುವ ದಾರಿ ಅದು. ನಾನು ಮುಳ್ಳು ಹೊಚ್ಚಿದರೆ ಕುರಿಗಳು ಎಳೆದು ಹಾಕುತ್ತಿದ್ದವು. ರಾತ್ರಿ ನಾನು ಮಲಗಿದರೆ ಸಾಕು, ಕನಸಿನಲ್ಲಿ ದೊಡ್ಡಪ್ಪ ಕಲ್ಲಿಗೆ ಕಿವಿ ಕೊಡುತ್ತಿದ್ದ. ಒಮ್ಮೊಮ್ಮೆ ಅವನ ಜಾಗದಲ್ಲಿ ಯಾವುದೋ ಮಗು. ಬೆವೆತು ಎದ್ದು ಕೂರುತ್ತಿದ್ದೆ. ಮುಚ್ಚೋಣವೆಂದರೆ, "ಬಂದ ಗಂಗೆ ಬಾಯಿಗೆ ಮಣ್ಣು ಹಾಕಂತೀಯಾ?" ಎಂದು ನನಗೇ ಬೈಗುಳ.

ಕೊನೆಗೆ ದೊಡ್ಡಮ್ಮನೇ ಹಟ ಹಿಡಿದಳು: "ಹಗ್ಗಕ್ಕೆ ಕಲ್ಲು ಕಟ್ಟಿ ಬುಟ್ಟು ನೋಡು. ಒದ್ದೆಯಾಗಿ ಬಂದ್ರೆ ಮೋಟರ್ ಇಳಸು. ಒಣಗಿ ಬಂದ್ರೆ, ಅದ್ನ ಮುಚ್ಚೋಗಂಟ ನಿಂಗೆ ಮುದ್ದೆ ಇಲ್ಲ." ಹಗ್ಗ ತಳ ಮುಟ್ಟಿ ಬಂತು, ಕಲ್ಲಿಗೆ ಬರೀ ಧೂಳು. ಬಿರುಕಿನಲ್ಲಿ ಬಂದ ನೀರು ಬಿರುಕಿನಲ್ಲೇ ಹೋಗಿತ್ತು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಗುದ್ದಲಿ ತಂದ. ಜಲ್ಲಿ, ಮಣ್ಣು ಸುರಿದು, ನೆಲದ ಮಟ್ಟಕ್ಕೆ ತುಂಬಿ, ಮೇಲೆ ನಿಂತು ತುಳಿದೆವು. ಅದು ಶನಿವಾರ. ಮಾರನೆಯ ದಿನ ದೊಡ್ಡಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಾಗ ಬಿಸಿಲು ಜಗಲಿಯವರೆಗೂ ಬಂದಿತ್ತು.