ಸುಮತಿಯಕ್ಕನ ಹತ್ತು ವರ್ಷದ ಲೈಸೆನ್ಸು

ಹೆಂಡತಿ ಗಂಡನ ಎಡಗಡೆ ಕೂರಬೇಕೆಂಬುದು ಶಾಸ್ತ್ರ. ಮಸ್ಕತ್ತಿನ ಕಾರುಗಳಲ್ಲಿ ಸ್ಟಿಯರಿಂಗ್ ಇರುವುದೂ ಎಡಗಡೆಗೇ. "ಹಾಗಾಗಿ ನಾನೇ ಬಿಡ್ಬೇಕು. ಶಾಸ್ತ್ರ ಮೀರ್ಲಿಕ್ಕೆ ಆಗ್ತದಾ?" ಎನ್ನುತ್ತ ಸುಮತಿಯಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕಾರು ಹತ್ತುತ್ತಿದ್ದರು. ಅವರ ಗಂಡ ರಾಘವ ಭಾವ ಹೆಂಡತಿಯ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಬಲಗಡೆ ಕೂರುತ್ತಿದ್ದರು. ಅಕ್ಕ, ಭಾವ ಎಂದು ಕರೆದರೂ ಅವರು ನಮಗೆ ನೆಂಟರಲ್ಲ. ಅವರದು ಕಾರ್ಕಳ, ನನ್ನದು ಮೈಸೂರು. ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವರು ಮೇಲೆ, ನಾವು ಕೆಳಗೆ.

ಭಾವ ಲೈಸೆನ್ಸಿಗೆ ಪ್ರಯತ್ನ ಪಡದವರೇನಲ್ಲ. ಇಲ್ಲಿನ ಪರೀಕ್ಷೆಯೆಂದರೆ ಮೊದಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಭಾವ ಹೋದಾಗಲೆಲ್ಲ ಡ್ರಮ್ಮಿಗೆ ಗುದ್ದಿ ಬಂದರು, ಕೊನೆಗೆ ಕೈಚೆಲ್ಲಿದರು. ಅಕ್ಕ ಮೊದಲ ಸಲಕ್ಕೇ ಪಾಸು. ಎಂಬತ್ತರ ದಶಕದಲ್ಲಿ ನಮ್ಮ ಕಟ್ಟಡದಲ್ಲಿ ಕಾರು ಬಿಡುವ ಹೆಂಗಸು ಅವರೊಬ್ಬರೇ. ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಬಾರಿಸುತ್ತಿದ್ದುದು ಅವರ ಮನೆಯ ಬೆಲ್ಲು. ನನ್ನನ್ನು ಆಸ್ಪತ್ರೆಗೆ ಕರೆದೊಯ್ದಾಗ ದಾರಿಯುದ್ದಕ್ಕೂ, "ಕೆಂಪು ಸಿಗ್ನಲ್ ಉಂಟು, ಸ್ವಲ್ಪ ತಡ್ಕೊ ಮಾರಾಯ್ತಿ!" ಎಂದು ನನಗೇ ಗದರಿದ್ದರು. ಸದ್ಯ, ಮಗಳು ಅವರ ಮಾತು ಕೇಳಿದಳು. ಆಮೇಲೆ ಹಟ ಹಿಡಿದು ನನಗೂ ಲೈಸೆನ್ಸ್ ಮಾಡಿಸಿದ್ದು ಇದೇ ಪುಣ್ಯಾತ್ಗಿತ್ತಿ.

ತೊಂಬತ್ತರ ದಶಕದಲ್ಲಿ ಭಾವ ನಿವೃತ್ತರಾಗಿ ಊರಿಗೆ ಹೊರಡುವುದು ನಿಶ್ಚಯವಾಯಿತು. ಅದೇ ಹೊತ್ತಿಗೆ ಅಕ್ಕನ ಲೈಸೆನ್ಸ್ ಅವಧಿ ಮುಗಿಯುತ್ತಿತ್ತು. ಅಕ್ಕ ನವೀಕರಿಸಲು ಹೊರಟರು.

"ಎರಡು ತಿಂಗಳಲ್ಲಿ ವಿಮಾನ ಹತ್ತುವವಳಿಗೆ ಹತ್ತು ವರ್ಷದ ಲೈಸೆನ್ಸ್ ಎಂತಕ್ಕೆ?" ಎಂದರು ಭಾವ.

"ಊರಲ್ಲಿ ನಿಮ್ಮ ತಮ್ಮಂದಿರು ನನ್ನನ್ನು ಹಿಂದಿನ ಸೀಟಲ್ಲಿ ಕೂರಿಸ್ತಾರೆ, ಮಡಿಲಲ್ಲಿ ತರಕಾರಿ ಚೀಲ ಇಡ್ತಾರೆ. ಅದು ನನ್ನಿಂದ ಆಗುದಿಲ್ಲ. ಚಾಲ್ತಿ ಇರುವ ಲೈಸೆನ್ಸ್ ತೋರಿಸಿದ್ರೆ ಅಲ್ಲಿ ಒಂದು ಮರ್ಯಾದೆ. ಮುಗಿದದ್ದು ಹಿಡ್ಕೊಂಡು ಹೋದ್ರೆ, ಅಜ್ಜೀ, ಮನೆಯಲ್ಲಿ ಕೂತ್ಕೊಳ್ಳಿ ಅಂತಾರೆ."

ಜೊತೆಗೆ ನಾನೂ ಹೋದೆ. ಕಣ್ಣಿನ ಪರೀಕ್ಷೆಯಲ್ಲಿ ಎಡಗಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದರು. ಮೇಲಿನ ದಪ್ಪ ಸಾಲು ಓದಿ ಅಕ್ಕ ನಿಂತುಬಿಟ್ಟರು. ನಾನು ಹಿಂದಿನಿಂದ ಪಿಸುಗುಟ್ಟಲು ಬಾಯಿ ತೆರೆದೆ. ತಿರುಗಿ ಒಂದು ನೋಟ ನೋಡಿದರು ನೋಡಿ, ನನ್ನ ಬಾಯಿ ತಾನಾಗಿ ಮುಚ್ಚಿತು. ಒಮಾನಿ ಅಧಿಕಾರಿ ಪಾಪ, ಮೆತ್ತಗಿನ ಮನುಷ್ಯ. "ಮಾಮಾ, ಚಶ್ಮಾ ಲೇಕೆ ಆವ್," ಎಂದು ಹರುಕು ಹಿಂದಿಯಲ್ಲಿ, ಕನ್ನಡಕ ತನ್ನಿ ಅಮ್ಮಾ ಎಂಬರ್ಥದಲ್ಲಿ ಹೇಳಿ ಕಾಗದ ವಾಪಸ್ ಕೊಟ್ಟ.

ಹೊರಗೆ ಬಂದು ಅಕ್ಕ ಕೀಲಿಯನ್ನು ನನ್ನ ಕೈಗಿಟ್ಟರು. "ಕಾಣುದಿಲ್ಲ ಅಂತ ಗೊತ್ತಾದ ಮೇಲೆ ನಾನು ಮುಟ್ಟಬಾರದು. ನೀನು ಬಿಡು." ಅವರು ಹಿಂದಿನ ಸೀಟಿನಲ್ಲಿ ಕೂತದ್ದನ್ನು ನಾನು ಅಂದೇ ಮೊದಲು ಕಂಡದ್ದು. ದಾರಿಯಲ್ಲಿ ನನ್ನ ಬ್ರೇಕಿಗೂ ಬೈಯಲಿಲ್ಲ. ನನಗಂತೂ ಅಳುವೇ ಬಂತು.

ಮನೆಯಲ್ಲಿ ಭಾವ, "ಖಲಾಸ್, ಬಿಟ್ಟುಬಿಡು ಇನ್ನು" ಎಂದದ್ದೇ ತಡ, ಅಕ್ಕನಿಗೆ ಜೀವ ಬಂತು. "ಡ್ರಮ್ಮಿಗೆ ಹೆದರಿ ಓಡಿದ್ದು ನೀವು, ನಾನಲ್ಲ!" ಎಂದವರೇ ನನ್ನನ್ನು ಎಬ್ಬಿಸಿ ಕನ್ನಡಕದ ಅಂಗಡಿಗೆ ಹೊರಡಿಸಿದರು. ಕನ್ನಡಕ ಹಾಕಿದರೆ ಹೆಡ್ ಮಿಸ್ ಥರ ಕಾಣುತ್ತೇನೆಂದು ಅಷ್ಟು ವರ್ಷ ತಪ್ಪಿಸಿಕೊಂಡಿದ್ದ ಹೆಂಗಸು ಅವರು. ಕೆಲವು ದಿನಗಳಲ್ಲಿ ಸಿದ್ಧವಾದ ಕನ್ನಡಕ ಏರಿಸಿ ಅಂಗಡಿಯ ಹೊಸ್ತಿಲಲ್ಲಿ ನಿಂತು ಬೀದಿಯ ಈ ತುದಿಯಿಂದ ಆ ತುದಿಗೆ ನೋಡಿದರು.

"ಅಯ್ಯೋ ದೇವರೇ, ಇಲ್ಲಿ ಇಷ್ಟು ಬೋರ್ಡುಗಳಿದ್ದವಾ? ಇಷ್ಟು ದಿನ ನಿಮ್ಮನ್ನೆಲ್ಲ ನಾನಲ್ಲ, ಆ ಕೃಷ್ಣನೇ ಕರ್ಕೊಂಡು ಹೋದದ್ದು!"

ಮರುದಿನ ಅದೇ ಅಧಿಕಾರಿಯ ಮುಂದೆ ಎರಡೂ ಕಣ್ಣಿನಿಂದ ಕೊನೆಯ ಸಾಲಿನವರೆಗೆ ಓದಿದರು. ಸಾಲದ್ದಕ್ಕೆ ಕೆಳಗಿನ ಮೂಲೆಯಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಓದಿದರು. ಅವನು ನಗುತ್ತಲೇ ಠಸ್ಸೆ ಹೊಡೆದ. ಹೊಸ ಕಾರ್ಡನ್ನು ಅಕ್ಕ ಮೊದಲು ಕಣ್ಣಿಗೊತ್ತಿಕೊಂಡು, ಆಮೇಲೆ ಭಾವನ ಮೂಗಿನ ಮುಂದೆ ಹಿಡಿದರು. ಊರಿಗೆ ಹೊರಟ ದಿನ ಸೀಬ್ ವಿಮಾನ ನಿಲ್ದಾಣಕ್ಕೆ ಕಾರು ಬಿಟ್ಟದ್ದೂ ಅವರೇ.

ಕಾರ್ಕಳದಲ್ಲಿ ಹೇಳಿದಂತೆಯೇ ನಡೆಸಿದರು. ಕಾರ್ಡು ತೋರಿಸಿ, ಕಚೇರಿ ಅಲೆದು, ಅಲ್ಲಿನ ಲೈಸೆನ್ಸ್ ಪಡೆದು, ಹಳೆಯ ಮಾರುತಿಯೊಂದನ್ನು ಕೊಂಡರು. ಮೈದುನಂದಿರ ಹೆಂಡಿರೆಲ್ಲ ಆ ಕಾರಿನಲ್ಲೇ ಪೇಟೆಗೆ ಹೋಗುತ್ತಿದ್ದರಂತೆ. ನಾನು ರಜೆಯಲ್ಲಿ ಕಾರ್ಕಳಕ್ಕೆ ಹೋದಾಗಲೆಲ್ಲ ಅಕ್ಕ ಕಾರು ತಂದು ನನಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಬಸ್ಸು ತಡವಾದರೆ ಬೈಗುಳ ನನಗೇ.

ಮಸ್ಕತ್ತಿನ ಕಾರ್ಡಿನ ಹತ್ತು ವರ್ಷ ಮುಗಿಯುವ ಮೊದಲೇ ಒಂದು ರಾತ್ರಿ ಅಕ್ಕ ನಿದ್ದೆಯಲ್ಲೇ ಹೋಗಿಬಿಟ್ಟರು. ಹಿಂದಿನ ಸಂಜೆಯೂ ಮೀನು ತರಲು ಕಾರು ತೆಗೆದಿದ್ದರಂತೆ. ಸುದ್ದಿ ತಿಳಿದು ದಾರ್ಸೈಟಿನಿಂದ ಫೋನ್ ಮಾಡಿ, ಮುಂದಿನ ವಾರವೇ ಬರುತ್ತೇನೆಂದೆ.

"ಬಾ," ಎಂದರು ಭಾವ. "ಸ್ಟ್ಯಾಂಡಲ್ಲಿ ರಿಕ್ಷಾ ಮಾಡ್ಕೊ ಮಗಾ. ಕರ್ಕೊಂಡು ಬರ್ಲಿಕ್ಕೆ ಈಗ ಮನೆಯಲ್ಲಿ ಯಾರೂ ಇಲ್ಲ."