ಅಧ್ಯಕ್ಷರು ಮೆಚ್ಚಿದ ಮದುವೆ ಕುರ್ಚಿ

ಆ ಕುರ್ಚಿ ನನಗೆ ನಾನೂರೈವತ್ತು ಯೂರೋಗೆ ಬಿತ್ತು. ಜೋಡಿಗಲ್ಲ, ಒಂದಕ್ಕೆ. ಬಾಗಿಲು ಮುಚ್ಚುತ್ತಿದ್ದ ಮದುವೆ ಹಾಲ್‌ನವನು ಒಂದೊಂದಕ್ಕೆ ಒಂಬೈನೂರು ಹೇಳಿದ್ದ. ನಾನು ಕುರ್ಚಿಯನ್ನು ಮಗುಚಿ, ಕಾಲಿನ ಬುಡದಲ್ಲಿದ್ದ ಸಣ್ಣ ಬಿರುಕನ್ನು ಬೆರಳಿನಿಂದ ತೋರಿಸಿ, ಮಾತಾಡದೆ ನಿಂತುಬಿಟ್ಟೆ. ಐರ್ಲೆಂಡಿನವರಿಗೆ ಮೌನ ತಡೆಯುವುದಿಲ್ಲ. ಅವನು ಮಳೆಯ ಬಗ್ಗೆ ಎರಡು ಮಾತಾಡಿ ಸ್ವಲ್ಪ ಇಳಿಸಿದ, ಗಾಳಿಯ ಬಗ್ಗೆ ಮಾತಾಡಿ ಇನ್ನಷ್ಟು ಇಳಿಸಿದ. ನಾನು ಅಷ್ಟಾದರೂ ಕೊಟ್ಟದ್ದೇಕೆಂದರೆ, ಅದರ ಎರಡು ಕೈಗಳ ತುದಿಯಲ್ಲೂ ಬಾಯಿ ತೆರೆದ ಸಿಂಹದ ತಲೆಗಳಿದ್ದವು, ಬೆನ್ನಿಗೆ ಕೆಂಪು ಮಖಮಲ್ಲು, ನೆತ್ತಿಯ ಮೇಲೆ ಚಿನ್ನದ ಬಣ್ಣದ ಕಿರೀಟ. ಇದರಲ್ಲಿ ಕೂತವರಿಗೆ ತಲೆ ತಿರುಗುತ್ತದೆಂದು ನೋಡಿದ ಕೂಡಲೇ ಗೊತ್ತಾಯಿತು. ತಲೆ ತಿರುಗಿಸುವ ಸಾಮಾನಿಗೆ ಯಾವತ್ತೂ ಬಾಡಿಗೆ ಹೆಚ್ಚು.

ನನ್ನ ವ್ಯಾಪಾರ ಅದೇ. ಗಂಡ ಸಾಫ್ಟ್‌ವೇರ್ ಕೆಲಸದ ಪರ್ಮಿಟ್ಟಿನ ಮೇಲೆ ಈ ದೇಶಕ್ಕೆ ಬಂದರು, ನಾನು ಅವರ ಹೆಂಡತಿ ಎನ್ನುವ ವೀಸಾ ಸ್ಟಾಂಪಿನ ಮೇಲೆ ಬಂದೆ. ಎರಡು ಹಿತ್ತಾಳೆ ದೀಪದ ಕಂಬಗಳನ್ನು ಸತ್ಯನಾರಾಯಣ ಪೂಜೆ ಮಾಡಿಸುವವರಿಗೆ ಬಾಡಿಗೆಗೆ ಕೊಡುತ್ತಾ ಶುರುಮಾಡಿದವಳು, ಈಗ ಅತ್ಲೋನಿನಲ್ಲಿ ಒಂದು ಶೆಡ್ಡು ಹಿಡಿದು ಮಂಟಪ, ಪರದೆ, ಕುರ್ಚಿ ಎಲ್ಲ ಇಟ್ಟಿದ್ದೇನೆ. ನೀವೂ ಗೋಡೌನು ಮಾಡುವುದಿದ್ದರೆ ದೇಶದ ನಡು ಹೊಟ್ಟೆಯಲ್ಲಿ ಮಾಡಿ. ಡಬ್ಲಿನ್ನಿಗೂ ಗಾಲ್ವೇಗೂ ಹೆಚ್ಚುಕಡಿಮೆ ಸಮ ದೂರ, ಬಾಡಿಗೆ ಅರ್ಧ.

ನಮ್ಮವರ ಮದುವೆ ಇಲ್ಲದ ವಾರಗಳಲ್ಲಿ ನನ್ನ ಅಂಗಡಿ ನಡೆಸಿದವರು ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಬಂದು ಇಲ್ಲಿ ನೆಲೆಸಿದ ಜನ. ಒಳ್ಳೆಯ ಗಿರಾಕಿಗಳು. ನಗುನಗುತ್ತಾ ಚೌಕಾಸಿ ಮಾಡುತ್ತಾರೆ, ಒಪ್ಪಿದ ಮೇಲೆ ಮಾತು ಬದಲಿಸುವುದಿಲ್ಲ. ನಮ್ಮವರಂತೆ ರೇಷ್ಮೆ ಸೀರೆ ಉಟ್ಟು ಬಂದು ಐದು ಯೂರೋಗೆ ಅಳುವುದಿಲ್ಲ. ಆದರೆ ಅವರ ಅಧ್ಯಕ್ಷರು, ಪ್ರಧಾನಿಗಳು ಇಲ್ಲಿಗೆ ಬಂದಾಗ ತಮ್ಮ ಪ್ರಜೆಗಳನ್ನು ಒಂದು ಹಾಲ್‌ನಲ್ಲಿ ಸೇರಿಸಿ ದರ್ಶನ ಕೊಡುವ ಪದ್ಧತಿಯಿದೆ. ದರ್ಶನಕ್ಕೆ ಸಿಂಹಾಸನ ಬೇಕು. ಸಿಂಹಾಸನ ನನ್ನ ಹತ್ತಿರ ಇತ್ತು.

ಹಾಗೆ ಬಂದವರನ್ನು ವೇದಿಕೆಯ ಪಕ್ಕದಿಂದ ನೋಡಿದ್ದೇನೆ. ಒಬ್ಬ ಇಲ್ಲಿಯ ಡಾಕ್ಟರಿಗೆ ಮೊಣಕಾಲು ತೋರಿಸಿಕೊಳ್ಳಲು ಬಂದಿದ್ದ. ಅವನ ದೇಶದಲ್ಲಿ ಅವನದೇ ಹೆಸರಿನ ದೊಡ್ಡ ಆಸ್ಪತ್ರೆಯಿದೆಯಂತೆ. ಇನ್ನೊಬ್ಬ, ನನ್ನ ಗಂಡ ಹುಟ್ಟುವ ಮೊದಲೇ ಕುರ್ಚಿ ಹಿಡಿದವನು, ಯುವಕರಿಗೆ ಅವಕಾಶ ಕೊಡಬೇಕೆಂದು ಭಾಷಣ ಮಾಡುತ್ತಾ ನಡುವೆಯೇ ನಿದ್ದೆ ಹೋದ. ಪಕ್ಕದವನು ಎಬ್ಬಿಸಲಿಲ್ಲ, ಎಲ್ಲರೂ ಕಾದರು. ಬಿಳಿಯರನ್ನು ಓಡಿಸಿದ ಕಥೆಯನ್ನು ಪ್ರತಿಯೊಬ್ಬನೂ ಹೇಳುತ್ತಾನೆ. ಬಿಳಿಯರು ಬಿಟ್ಟುಹೋದ ಬಂಗಲೆಯಲ್ಲೇ ಮಲಗುತ್ತಾನೆ, ಅವರು ಕಟ್ಟಿದ ಜೈಲಿಗೇ ಜನರನ್ನು ಕಳಿಸುತ್ತಾನೆ. ನಮ್ಮವರೇನು ಕಮ್ಮಿಯಿಲ್ಲ. ಅಧ್ಯಯನ ಪ್ರವಾಸಕ್ಕೆಂದು ಬಂದ ನಮ್ಮೂರ ಕಡೆಯ ಮಂತ್ರಿಯೊಬ್ಬ ಇದೇ ಕುರ್ಚಿಯಲ್ಲಿ ಕೂತು ಸನ್ಮಾನ ಮಾಡಿಸಿಕೊಂಡು, ಶಾಲು ಚೆನ್ನಾಗಿಲ್ಲವೆಂದು ಬದಲಾಯಿಸಿಕೊಂಡು ಹೋದ. ಎಲ್ಲರಿಂದಲೂ ನಾನು ಮುಂಗಡವಾಗಿಯೇ ಪೂರ್ತಿ ಹಣ ತೆಗೆದುಕೊಂಡಿದ್ದೇನೆ.

ಈ ಕಥೆಯ ಅಧ್ಯಕ್ಷ ಬರುತ್ತಾನೆಂದು ಗೊತ್ತಾದಾಗ, ಅವನ ದೇಶದವಳೇ ಆದ ಒಬ್ಬ ನರ್ಸು ಶೆಡ್ಡಿಗೆ ಬಂದಳು. ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಕೆಲಸ, ತಮ್ಮ ಚರ್ಚಿನ ಮದುವೆಗಳಿಗೆ ನನ್ನಿಂದ ಪರದೆ ಒಯ್ಯುತ್ತಿದ್ದವಳು. ಜೊತೆಯಲ್ಲಿ ದುಡಿಯುವ ಕನ್ನಡದ ಹುಡುಗಿಯರಿಂದ ‘ಅಕ್ಕಾ’ ಅನ್ನುವುದು ಕಲಿತಿದ್ದಳು. ಉಳಿದದ್ದೆಲ್ಲ ಇಂಗ್ಲಿಷು, ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

“ಅಕ್ಕಾ, ಆ ದಿನ ನಂಗೆ ಒಂದೇ ಒಂದು ಸಲ ಮೈಕ್ ಸಿಗ್ಬೇಕು.”

ಅವಳ ತಮ್ಮ ಹಳ್ಳಿ ಶಾಲೆಯ ಮಾಸ್ತರ. ತರಗತಿಯ ಗೋಡೆಯ ಮೇಲೆ ಅಧ್ಯಕ್ಷನ ಪಟ ಇರಲೇಬೇಕೆಂಬುದು ಅಲ್ಲಿಯ ಕಾನೂನು. ಸೂರು ಸೋರಿ ನೀರು ನೇರವಾಗಿ ಪಟದ ಮೇಲೆ ಬೀಳುತ್ತಿತ್ತು. ಈ ಪುಣ್ಯಾತ್ಮ ಪಟ ಹಾಳಾಗದಿರಲೆಂದು ಇಳಿಸಿ, ಒರೆಸಿ, ಒಣ ಮೂಲೆಯಲ್ಲಿ ನೆಲದ ಮೇಲೆ ಒರಗಿಸಿಟ್ಟ. ಅಧ್ಯಕ್ಷರನ್ನು ನೆಲಕ್ಕಿಳಿಸಿದ ಎಂದು ಯಾರೋ ದೂರು ಕೊಟ್ಟರು. ಅವತ್ತು ಹಿಡಿದುಕೊಂಡು ಹೋದವರು ಮುಂದಿನ ಮಳೆಗಾಲ ಬಂದರೂ ಬಿಟ್ಟಿರಲಿಲ್ಲ. ಕೋರ್ಟಿಲ್ಲ, ಕೇಸಿಲ್ಲ. ಅವನಿಗೆ ಮೊದಲೇ ಉಬ್ಬಸ, ಮಲಗುವುದು ಒದ್ದೆ ನೆಲದ ಮೇಲೆ.

“ಕೇಳಿದ್ರೆ ನಿಂಗೇ ತೊಂದ್ರೆ ಆದ್ರೆ?” ಎಂದೆ.

“ಕೇಳ್ದಿದ್ರೆ ಅವ್ನು ಅಲ್ಲೇ ಸಾಯ್ತಾನೆ ಅಕ್ಕಾ. ನಾನು ನರ್ಸು. ಚಿಕ್ಕಂದಿನಿಂದ ಅವ್ನ ಉಸಿರು ಕೇಳಿದೀನಿ, ಗೊತ್ತಾಗತ್ತೆ ನಂಗೆ.”

ಮಾರನೆಯ ವಾರ ಅಧ್ಯಕ್ಷನ ಕಡೆಯ ಅಧಿಕಾರಿ ಕುರ್ಚಿ ಪರೀಕ್ಷಿಸಲು ಬಂದ. ಸಣಕಲು ಆಳು, ಎರಡು ಫೋನು, ಕೈಯಲ್ಲಿ ಅಳತೆ ಟೇಪು. ಕುರ್ಚಿಯ ಎತ್ತರ ಅಳೆದು ತಲೆಯಾಡಿಸಿದ.

“ಸಾಲದು ಮೇಡಂ. ಪಕ್ಕದಲ್ಲಿ ಮಂತ್ರಿಗಳು ಕೂರ್ತಾರೆ. ಅವರಿಗಿಂತ ಒಂದು ಗೇಣು ಮೇಲಿರ್ಬೇಕು.”

“ಹಂಗಾದ್ರೆ ಮಂತ್ರಿಗಳನ್ನ ನೆಲದ ಮೇಲೆ ಕೂರ್ಸಿ. ಚಾಪೆ ಬಾಡಿಗೆಗಿದೆ, ಕೊಡ್ತೀನಿ.”

ಅವನು ನಗಲಿಲ್ಲ. ಯೋಚಿಸಿದ. ಆ ದೇಶದ ಸ್ಥಿತಿ ನನಗೆ ಪೂರ್ತಿ ಅರ್ಥವಾದದ್ದು ಅವನು ಯೋಚಿಸಿದ್ದನ್ನು ಕಂಡ ಮೇಲೆ.

“ಕಾಲಿನ ಕೆಳಗೆ ಮರದ ದಿಮ್ಮಿ ಕೂರ್ಸಿ, ಚಿನ್ನದ ಬಣ್ಣ ಬಳಿದು ಕೊಡ್ತೀನಿ,” ಎಂದೆ. “ಅದಕ್ಕೆ ದುಡ್ಡು ಬೇಡ.”

ವ್ಯಾಪಾರದವಳು ದುಡ್ಡು ಬೇಡ ಎಂದಾಗ ಬುದ್ಧಿ ಇರುವವನು ಹೆದರುತ್ತಾನೆ. ಅವನೂ ಹೆದರಿದ. ನಾನು ನರ್ಸಿಗೆ ಮೊದಲ ಪ್ರಶ್ನೆ ಬೇಕೆಂದೆ. ಪ್ರಶ್ನೆ ಕೇಳುವವರ ಪಟ್ಟಿ ಮೊದಲೇ ಸಿದ್ಧವಾಗಿದೆ ಎಂದ. ಹಾಗಾದರೆ ಕುರ್ಚಿಯೂ ಮೊದಲೇ ಸಿದ್ಧವಾಗಿರುವ ಎತ್ತರದಲ್ಲೇ ಬರುತ್ತದೆ ಎಂದೆ. ಒಪ್ಪಿದ.

ಆ ದಿನ ಅಧ್ಯಕ್ಷ ಬರುವಷ್ಟರಲ್ಲಿ ಬಾವುಟ ಹಿಡಿದ ಮಕ್ಕಳು ಬಾವುಟದ ಕಡ್ಡಿಯಲ್ಲಿ ಕತ್ತಿವರಸೆ ಶುರುಮಾಡಿದ್ದರು, ಸಮೋಸಾಗಳು ತಣ್ಣಗಾಗಿದ್ದವು. ಊರಿನ ಐರಿಷ್ ಕೌನ್ಸಿಲರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಇಲ್ಲಿಯವರ ‘ಪರವಾಗಿಲ್ಲ’ ಆದ ‘ಗ್ರ್ಯಾಂಡ್, ಗ್ರ್ಯಾಂಡ್’ ಎನ್ನುತ್ತಾ ಬಸ್ಸು ಹಿಡಿಯಲು ಹೊರಟುಹೋಗಿದ್ದ. ಕೊನೆಗೂ ಬಂದವನು ಕುಳ್ಳ. ನನ್ನ ದಿಮ್ಮಿಗಳ ಮೇಲೇರಿದ ಕುರ್ಚಿಯಲ್ಲಿ ಕೂತದ್ದೇ ಕಾಲುಗಳು ನೆಲ ಬಿಟ್ಟು ನೇತಾಡಿದವು, ಕ್ಷೌರದಂಗಡಿಯಲ್ಲಿ ಹಲಗೆ ಹಾಕಿ ಕೂರಿಸಿದ ಮಗುವಿನ ಹಾಗೆ. ಅಧಿಕಾರಿ ಓಡಿಬಂದು ನನ್ನ ಪ್ಲಾಸ್ಟಿಕ್ ಹೂವಿನ ಡಬ್ಬವನ್ನು ಕಾಲಡಿಗೆ ತಳ್ಳಿದ. ಅಧ್ಯಕ್ಷ ಎರಡೂ ಸಿಂಹಗಳ ತಲೆ ಸವರಿ, ತೃಪ್ತಿಯಿಂದ ಸಭೆಯನ್ನು ನೋಡಿದ.

ನರ್ಸು ಎದ್ದು ನಿಂತಳು. ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು. ತಮ್ಮನ ಶಾಲೆ, ಸೋರುವ ಸೂರು, ಪಟ, ಎಲ್ಲ ಹೇಳಿದಳು.

“ನನ್ನ ದೇಶದಲ್ಲಿ ಪಟಕ್ಕೋಸ್ಕರ ಯಾರನ್ನೂ ಜೈಲಿಗೆ ಹಾಕಲ್ಲ,” ಎಂದ ಅಧ್ಯಕ್ಷ. “ಕೂತ್ಕೋ ಮಗಳೇ. ಐರ್ಲೆಂಡಿನ ಚಳಿ ನಿನ್ನ ತಲೆಗೇರಿದೆ.”

ಮುಂದಿನ ಸಾಲಿನವರು ನಕ್ಕು ಚಪ್ಪಾಳೆ ತಟ್ಟಿದರು. ಅವಳು ಕೂತಳು. ಗೋಡೆಗೆ ಒರಗಿದ್ದ ಇಬ್ಬರು ಕಪ್ಪು ಸೂಟಿನವರು ಹತ್ತಿರ ಬಂದು ಅವಳ ಮುಖಕ್ಕೆ ಫೋನು ಹಿಡಿದು ಫೋಟೋ ತೆಗೆದುಕೊಂಡು ಹೋದರು. ಅಲ್ಲಿಯವರೆಗೆ ಅವಳ ತಮ್ಮ ಜೈಲಿನಲ್ಲಿ ಮರೆತುಹೋದವನಾಗಿದ್ದ. ಈಗ ನೆನಪಿಗೆ ಬಂದವನಾದ. ಮರೆತವನಿಗಿಂತ ಅವನ ಗತಿ ಕೆಟ್ಟದ್ದು.

ನನಗೆ ಮೈಯೆಲ್ಲ ಉರಿಯಿತು. ನಾನು ಕೊಂಡದ್ದು ಮೈಕನ್ನು. ಕೊಳ್ಳಬೇಕಿದ್ದದ್ದು ಮಾಸ್ತರನನ್ನು. ಮಾಲು ಬಿಟ್ಟು ಅಂಗಡಿಯ ಬೋರ್ಡಿಗೆ ದುಡ್ಡು ಕೊಟ್ಟು ಬಂದಂತಾಗಿತ್ತು.

ಸಂಜೆ ನಾನೂ ನನ್ನ ಗಂಡನೂ ಸಾಮಾನನ್ನು ವ್ಯಾನಿಗೆ ಏರಿಸುತ್ತಿದ್ದಾಗ ಅಧಿಕಾರಿ ಓಡಿಬಂದ.

“ಮೇಡಂ, ಅಧ್ಯಕ್ಷರಿಗೆ ಕುರ್ಚಿ ತುಂಬಾ ಹಿಡಿಸ್ತು. ನಾಳೆ ಮಧ್ಯಾಹ್ನ ವಿಮಾನದಲ್ಲಿ ಜೊತೇಲೇ ತಗೊಂಡು ಹೋಗ್ತಾರಂತೆ. ಎಷ್ಟು?”

“ಮಾರಲ್ಲ. ಬರೋ ಶನಿವಾರ ಹಾಲಿಹಿಲ್‌ನಲ್ಲಿ ಮೈಸೂರು ಹುಡುಗನ ರಿಸೆಪ್ಷನ್ ಇದೆ. ಜೋಡಿ ಬುಕ್ ಆಗಿದೆ.”

“ಮೂರು ಸಾವಿರ.”

ನಾನು ವ್ಯಾನಿನ ಬಾಗಿಲು ಒರೆಸಿದೆ.

“ಐದು ಸಾವಿರ.”

ನಾನೂ ಮನುಷ್ಯಳೇ. ಅಂಗೈ ತುರಿಸಿತು. ನನ್ನ ಗಂಡ ಒಳಗಿನಿಂದ ಪಿಸುಗುಟ್ಟಿದರು, “ಕೊಟ್ಬಿಡೇ, ಹುಚ್ಚಿ!” ಹಾಲ್‌ನ ಮೆಟ್ಟಿಲ ಮೇಲೆ ನರ್ಸು ಕೋಟಿನ ಗುಂಡಿ ಹಾಕದೆ ಕೂತಿದ್ದಳು. ನಾನು ಅವಳ ಪಕ್ಕ ಹೋಗಿ ಕೇಳಿದೆ: ತಮ್ಮನನ್ನು ಬಿಟ್ಟರೆ ಅವನು ಎಲ್ಲಿಗೆ ಹೋದರೆ ಮತ್ತೆ ಹಿಡಿಯಲಾರರು? ಜೈಲಿನ ಊರಿನಿಂದ ನದಿ ದಾಟಿದರೆ ಬೇರೆ ದೇಶ, ಅಲ್ಲಿ ನಮ್ಮ ಸೋದರತ್ತೆಯ ಮನೆಯಿದೆ ಎಂದಳು. ವಾಪಸು ಬಂದೆ.

“ಮೇಷ್ಟ್ರು ನದಿ ದಾಟಿ ಅತ್ತೆ ಮನೆ ಸೇರ್ಲಿ. ಕುರ್ಚಿ ನಿಮ್ಮ ವಿಮಾನ ಸೇರತ್ತೆ.”

“ಅದು ನ್ಯಾಯಾಲಯದ ವಿಷಯ ಮೇಡಂ.”

“ಇದು ಮೈಸೂರು ಹುಡುಗನ ವಿಷಯ. ರೀ, ವ್ಯಾನ್ ಸ್ಟಾರ್ಟ್ ಮಾಡ್ರಿ.”

“ಅಯ್ಯೋ ತಡೀರಿ! ಅಧ್ಯಕ್ಷರಿಗೆ ನಾನು ಏನಂತ ಹೇಳ್ಲಿ?”

“ಅವರಿಗೆ ಯಾಕೆ ಹೇಳ್ತೀರಾ? ಕುರ್ಚಿ ತರ್ಲಿಲ್ಲ ಅಂದ್ರೆ ಅವರಿಗೆ ಗೊತ್ತಾಗತ್ತೆ. ಒಬ್ಬ ಮೇಷ್ಟ್ರು ಜೈಲಲ್ಲಿಲ್ಲ ಅಂದ್ರೆ ಗೊತ್ತಾಗತ್ತಾ?”

ಅವನು ನನ್ನನ್ನೇ ನೋಡಿದ. ಹೆದರಿಕೆ ಅವನ ಮುಖದಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗಿ ಬಂತು. ಆಮೇಲೆ ಕಸದ ತೊಟ್ಟಿಗಳ ಹಿಂದೆ ಹೋಗಿ, ಎರಡೂ ಫೋನುಗಳಲ್ಲಿ ಒಂದಾದ ಮೇಲೊಂದರಂತೆ ಮಾತಾಡಿದ.

ಬೆಳಿಗ್ಗೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನ ಕಾರ್ ಪಾರ್ಕಿನಲ್ಲಿ ನಮ್ಮ ವ್ಯಾನು ನಿಂತಿತ್ತು. ಹಿಂದೆ ಕುರ್ಚಿ, ಮುಂದೆ ನಾನು, ಗಂಡ, ನರ್ಸು. ಅಧಿಕಾರಿ ಫೋನಿನಲ್ಲಿ ಬಿಡುಗಡೆಯ ಆದೇಶ ತೋರಿಸಿದ, ಮೊಹರು ಸಮೇತ. ನಾನು ಓದಲೂ ಇಲ್ಲ. ಕಾಗದದಲ್ಲಿ ನಾನೂ ಮಹಾರಾಣಿಯಾಗಬಲ್ಲೆ.

“ಕುರ್ಚಿನ ವಿಮಾನಕ್ಕೆ ಹಾಕ್ಬೇಕು, ಟೈಮಿಲ್ಲ,” ಎಂದು ಅವನು ಬೆವರಿದ.

“ಹಂಗಾದ್ರೆ ನಿಮ್ಮ ದೋಣಿಯವ್ನಿಗೆ ಬೇಗ ಹುಟ್ಟು ಹಾಕೋಕೆ ಹೇಳಿ.”

ನರ್ಸಿನ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಒಂದು ಅಂಗಳ, ಓಡಾಡುವ ಕೋಳಿಗಳು, ಬಕೆಟ್ಟಿನ ಪಕ್ಕ ಕೂತು ಕೆಮ್ಮುತ್ತಿರುವ ಒಬ್ಬ ಮನುಷ್ಯ. ಅಂಗಿ ಅವನದಲ್ಲ, ಯಾರದೋ ದೊಡ್ಡ ಅಂಗಿ. ಪಕ್ಕದಲ್ಲಿ ದಪ್ಪನೆಯ ಅತ್ತೆ ಅಳುತ್ತಾ ಅವನನ್ನೇ ಬೈಯುತ್ತಿದ್ದಳು. ಬೈಗುಳದ ಭಾಷೆ ಬರದಿದ್ದರೂ ರಾಗ ಗೊತ್ತಾಯಿತು. ನರ್ಸು ಬಹಳ ಹೊತ್ತು ಅವನ ಕೆಮ್ಮನ್ನೇ ಕೇಳಿಸಿಕೊಂಡಳು. ಫೋನು ಇಟ್ಟ ಮೇಲೆ ಅಳುತ್ತಾಳೆಂದುಕೊಂಡಿದ್ದೆ. ಅವಳ ಮುಖ ಕಲ್ಲಾಗಿತ್ತು.

“ಒಂದು ಫೋನು,” ಎಂದಳು. “ಇಷ್ಟೇ ಇತ್ತಾ ಅಕ್ಕಾ? ಒಂದು ಮಳೆಗಾಲದಿಂದ ಇನ್ನೊಂದರ ತನಕ ಅವ್ನು ಒದ್ದೆ ನೆಲದಲ್ಲಿ ಮಲಗಿದ್ದು, ಇಷ್ಟಕ್ಕಾ?”

ಆ ಖಂಡದ ಎಲ್ಲ ಅಧ್ಯಕ್ಷರನ್ನು ಸಾಲಾಗಿ ನಿಲ್ಲಿಸಿದರೂ ಇದಕ್ಕೆ ಉತ್ತರ ಹುಟ್ಟುವುದಿಲ್ಲ. ದ್ವೇಷದಿಂದ ಹಿಡಿದಿಟ್ಟಿದ್ದರೆ ಅಷ್ಟಾದರೂ ಮರ್ಯಾದೆ ಇರುತ್ತಿತ್ತು.

ಕುರ್ಚಿ ಇಳಿಸಿಕೊಟ್ಟೆವು. ಡೆಲಿವರಿ ಚಾರ್ಜನ್ನು ಬೇರೆಯಾಗಿ ಕೇಳಿ ತೆಗೆದುಕೊಂಡೆ. ದಿಮ್ಮಿಗಳನ್ನು ಮೊದಲೇ ಬಿಚ್ಚಿಟ್ಟುಕೊಂಡಿದ್ದೆ, ಅವು ಮಾತಿನಲ್ಲಿ ಸೇರಿರಲಿಲ್ಲ. ಈಗ ನಮ್ಮ ಮನೆಯ ವಾಷಿಂಗ್ ಮೆಷೀನು ಚಿನ್ನದ ಕಾಲುಗಳ ಮೇಲೆ ನಿಂತಿದೆ. ಅಲ್ಲಿ ಅಧ್ಯಕ್ಷ ಮಂತ್ರಿಗಳ ಸಮಕ್ಕೇ ಕೂತಿರಬೇಕು. ಹಾಲಿಹಿಲ್‌ನ ರಿಸೆಪ್ಷನ್ನಿಗೆ ಸೋಫಾ ಹಾಕಿಸಿದೆ. ಹುಡುಗನ ತಾಯಿ, “ಫೋಟೋದಲ್ಲಿ ತೋರಿಸಿದ ಸಿಂಹ ಎಲ್ರೀ?” ಎಂದು ಜಗಳ ತೆಗೆದು ಅರ್ಧ ಬಾಡಿಗೆ ಮುರಿದುಕೊಂಡರು. ಉಳಿದ ಒಂಟಿ ಕುರ್ಚಿ ನಾಮಕರಣಗಳಿಗೆ ಹೋಗುತ್ತದೆ.

ನಿಮಗೂ ಒಂದು ದಿನ ಇಂಥವರ ಹತ್ತಿರ ಕೆಲಸ ಬೀಳಬಹುದು, ಆದ್ದರಿಂದ ಹೇಳುತ್ತೇನೆ. ಕುರ್ಚಿಯಲ್ಲಿ ಕೂತವನನ್ನು ಬೇಡಬೇಡಿ, ಅದೂ ಜನರ ಎದುರಿಗೆ. ಜನರ ಎದುರಿಗೆ ಅವನು ಕೊಡುವುದು ಭಾಷಣ ಮಾತ್ರ. ಕುರ್ಚಿ ಹೊರುವವನು ಯಾರು, ಅವನು ಯಾವುದಕ್ಕೆ ಹೆದರುತ್ತಾನೆ ಎಂದು ನೋಡಿಕೊಳ್ಳಿ. ದೊಡ್ಡ ಮನುಷ್ಯ ನಿಮ್ಮ ಮನೆಯ ಯಾವ ಸಾಮಾನನ್ನು ಎರಡು ಸಲ ನೋಡಿದ ಎನ್ನುವುದನ್ನು ನೆನಪಿಡಿ. ಬೆಲೆಯನ್ನು ನೀವು ಮೊದಲು ಹೇಳಬೇಡಿ. ಹೇಳಿದ ಮೇಲೆ ಇಳಿಸಬೇಡಿ. ಆದೇಶ, ಮೊಹರು, ಸಹಿ ತೋರಿಸಿದರೆ ಕೈಮುಗಿದು ಬದಿಗಿಡಿ. ಮನುಷ್ಯ ಯಾವ ಅಂಗಳದಲ್ಲಿ ಕೂತಿದ್ದಾನೆ, ಆ ಅಂಗಳ ನದಿಯ ಯಾವ ದಡದಲ್ಲಿದೆ ಎಂದು ಕೇಳಿ, ಕಣ್ಣಾರೆ ನೋಡಿ, ಅವನು ಕೆಮ್ಮುವುದು ಕೇಳಿಸಿದ ಮೇಲೆಯೇ ವ್ಯಾನಿನ ಹಿಂಬಾಗಿಲು ತೆಗೆಯಿರಿ.