ಗುರುಬಾಯಿಯ ಮೊರದಲ್ಲಿ ಹನ್ನೊಂದು ಕಾಳು

"ಗುರುಬಾಯಿ ಕೈಯಾಗ ಜರಡಿ ಕೊಡಬ್ಯಾಡ್ರಿ, ಹೆತ್ತ ಮಗನ್ನೂ ಸೋಸಿ ಕೆಳಗ ಕೆಡವ್ತಾಳ" ಎಂದು ಆಳಂದದ ಜಿನ್ನಿನ ಓಣಿಯ ಮಂದಿ ಹೇಳುತ್ತಿದ್ದರು. ಹೇಳುವಾಗ ದನಿಯಲ್ಲಿ ಅರ್ಧ ಚೇಷ್ಟೆ, ಅರ್ಧ ಹೆಮ್ಮೆ. ಬೇರೆ ಓಣಿಗಳಲ್ಲಿ ಅಂಥ ಹೆಣ್ಣುಮಗಳು ಇರಲಿಲ್ಲವಲ್ಲ! ಆ ಮಾತು ಪೂರಾ ಖರೆಯಲ್ಲ ಎನ್ನುವುದು ಮೊದಲಿಗೆ ಗೊತ್ತಿದ್ದದ್ದು ಗುರುಬಾಯಿಗೆ, ಪಕ್ಕದ ಮನೆಯ ಅಮೀರುನ್ನಿಸಾಗೆ, ಮತ್ತೆ ಒಂದು ಕೋಳಿಗೆ.

ಗುರುಬಾಯಿ ಕಡಲೆ ಹುರಿಯುವಾಕೆ. ಸರಸಂಬಾದಿಂದ ಸೊಸೆಯಾಗಿ ಬಂದವಳು. ಗಂಡ ಜ್ವರದಲ್ಲಿ ತೀರಿಕೊಂಡಾಗ ಮಗ ಸೈದಪ್ಪನಿಗೆ ನಾಲ್ಕು ವರ್ಷ. ಅಂದಿನಿಂದ ಬಾಗಿಲ ಮುಂದಿನ ಒಲೆ ಆರಿದ್ದು ಕಡಿಮೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಅವಳ ಮನೆಯ ಎದುರಿಗೆ, ನಡುವೆ ಒಂದು ಬಯಲು. ಕಡಲೆ ಹುರಿಯುವುದಕ್ಕೆ ಕಣ್ಣು ಬೇಡ, ಕಿವಿ ಸಾಕು. ಕಾದ ಉಸುಕಿನಲ್ಲಿ ಕಾಳು ಚಟಚಟ ಎಂದರೆ ಒಂದು ಹದ, ಟಪಟಪ ಎಂದರೆ ಇನ್ನೊಂದು. ಸಪ್ಪಳ ಸಣ್ಣದಾಯಿತೆಂದರೆ ಜರಡಿಗೆ ಸುರಿಯಬೇಕು. ಹಾಗಾಗಿ ಅವಳ ಕೈ ಉಸುಕಿನ ಮೇಲೆ, ಕಿವಿ ಕಾಳಿನ ಮೇಲೆ, ಕಣ್ಣು ಮಾತ್ರ ಯಾವ ಕೆಲಸವೂ ಇಲ್ಲದೆ ಬಯಲಿನ ಮೇಲೆ.

ಆ ಬಯಲಿಗೆ ಒಂದು ದಿನ ಚೆಂಡು ಬಂತು. ಜಿನ್ನಿನ ಸಾವುಕಾರ ದೊಡ್ಡ ಊರಿಗೆ ಹೋದಾಗ ಗಿರಣಿಯವರು ಪಗಾರ ಕೊಟ್ಟು ಫುಟಬಾಲ್ ಆಡಿಸುವುದನ್ನು ನೋಡಿ ಬಂದಿದ್ದ. ತನ್ನ ಹೆಸರೂ ಸುತ್ತಲಿನ ಊರಲ್ಲಿ ಕೇಳಬೇಕೆಂದು ಗಟ್ಟಿ ಕಾಲಿನ ಹುಡುಗರನ್ನು ಆರಿಸಿದ. ಅವರು ಮಧ್ಯಾಹ್ನದವರೆಗೆ ಹತ್ತಿ ಗಂಟು ಕಟ್ಟಬೇಕು, ಆಮೇಲೆ ಬರಿಗಾಲಲ್ಲಿ ಚೆಂಡು ಒದೆಯಬೇಕು, ಎರಡಕ್ಕೂ ಕೂಡಿ ಪಗಾರ. ಸೈದಪ್ಪನೂ ಅವರಲ್ಲಿ ಒಬ್ಬ. ಅಮೀರುನ್ನಿಸಾಳ ಮಗ ಜಹೀರುದ್ದೀನನೂ ಒಬ್ಬ.

ಮೂರು ವರ್ಷ ಒಲೆಯ ಮುಂದೆ ಕುಳಿತು ನೋಡಿದ ಗುರುಬಾಯಿಗೆ ಆಟದ ಒಳಹೊರಗು ತಿಳಿಯಿತು. ಚೆಂಡನ್ನು ಒಮ್ಮೆಯೂ ಮುಟ್ಟಿದವಳಲ್ಲ. ಆದರೆ ಯಾರು ಯಾವಾಗ ಎಲ್ಲಿ ನಿಲ್ಲಬೇಕಿತ್ತು ಎನ್ನುವುದನ್ನು ಮೊರದಲ್ಲಿ ಕಾಳು ಇಟ್ಟು ತೋರಿಸುತ್ತಿದ್ದಳು. ಗೋಲು ಕಾಯುವವನಿಗೆ ಸಿಪ್ಪೆಯ ಶೇಂಗಾ. ಹಿಂದಿನ ಇಬ್ಬರಿಗೆ ಅವರೆಕಾಳು. ನಡುವಿನ ಮೂವರಿಗೆ ತೊಗರಿ. ಮುಂದಿನ ಐವರಲ್ಲಿ ಜಹೀರುದ್ದೀನನಿಗೆ ಹೊಳೆಯುವ ಹುಣಸೆ ಬೀಜ, ಮೂವರಿಗೆ ಹಸಿ ಕಡಲೆ. ಸೈದಪ್ಪನಿಗೆ ಮಾತ್ರ ಹುರಿದ ಕಡಲೆ, ಅದೂ ಬುಟ್ಟಿಯಲ್ಲೇ ದಪ್ಪನೆಯದು. ಇದನ್ನು ಯಾರೂ ಗಮನಿಸಿಲ್ಲ ಎಂದು ಅವಳು ತಿಳಿದಿದ್ದಳು.

ಸಂಜೆಗೆ ಅವಳ ಕಟ್ಟೆ ತುಂಬುತ್ತಿತ್ತು. ಅರಿವೆ ಅಂಗಡಿಯ ಶಾಂತಲಿಂಗಪ್ಪ ಬರುತ್ತಿದ್ದ, ಬಂಡಿ ಹೊಡೆಯುವ ಚಂದಪ್ಪ ಬರುತ್ತಿದ್ದ. ಆಟಗಾರರ ಯಾದಿ ಬರೆಯುವ ಅಧಿಕಾರ ಜಿನ್ನಿನ ಮುನಶಿ ಬಸವಂತರಾಯನದು. ಅವನು ಲೆಕ್ಕದಲ್ಲಿ ಗಟ್ಟಿ, ಆಟದಲ್ಲಿ ಸೊನ್ನೆ. ಹಾಗಾಗಿ ಪಂದ್ಯದ ದಿನ ಬೆಳಗಾದರೆ ಗುರುಬಾಯಿಯ ಕಟ್ಟೆಗೆ ಬಂದು ಮೊರ ನೋಡಿ ಬರೆದುಕೊಂಡು ಹೋಗುತ್ತಿದ್ದ. ಒಂದು ಕಟ್ಟು ಮಾತ್ರ ಇತ್ತು: ಹಿಂದಿನ ಸಂಜೆ ದೀಪ ಹಚ್ಚುವವರೆಗೆ ಯಾರು ಬೇಕಾದರೂ ವಾದ ಮಾಡಬಹುದು, ಕಾಳು ಸರಿಸಬಹುದು. ದೀಪ ಹಚ್ಚಿದ ಮೇಲೆ ಮುನಶಿ ಬರೆದುಕೊಳ್ಳುವ ತನಕ ಮೊರಕ್ಕೆ ಯಾರ ಕೈಯೂ ತಾಕಬಾರದು, ಗುರುಬಾಯಿಯದೂ. ಒಮ್ಮೆ ಯಾರೋ ಕತ್ತಲಲ್ಲಿ ತಮ್ಮ ಅಳಿಯನನ್ನು ಮುಂದಕ್ಕೆ ಸರಿಸಿದ್ದರಿಂದ ಹುಟ್ಟಿದ ಕಟ್ಟು ಅದು.

ಸಾವಿರದ ಒಂಬೈನೂರ ನಲವತ್ತೆಂಟು, ಎಳ್ಳಮಾಸಿ ಮುಗಿದ ವಾರ. ಅಫಜಲಪುರದವರು ಆಡಲು ಬರುವವರಿದ್ದರು. ದಸರೆಯಲ್ಲಿ ಅವರು ಮೂರು ಗೋಲು ಹೊಡೆದು ಹೋಗಿದ್ದರು. ಕಟ್ಟೆಯ ಮೇಲೆ ಕಾದ ಉಸುಕಿಗಿಂತ ಹೆಚ್ಚು ಕಾವು.

"ಐದೂ ಮಂದಿ ಒಮ್ಮೆಲೇ ನುಗ್ಗಬೇಕ್ರಿ," ಎಂದ ಶಾಂತಲಿಂಗಪ್ಪ. "ನಡುವ ಸೈದಪ್ಪ. ಅವ ಹುಲಿ ಇದ್ದಂಗ ಇದ್ದಾನ."

"ನುಗ್ಗಿ ಏನ್ ಮಾಡ್ತಾರಪಾ?" ಚಂದಪ್ಪ ತಂಬಾಕು ತಿಕ್ಕುತ್ತ ಕೇಳಿದ. "ಐದು ಎತ್ತು ಒಂದ ಗ್ವಾದಲಿಗಿ ಮೂತಿ ಇಟ್ಟಂಗ ಆಗ್ತದ. ಮತ್ತ ನಿನ್ನ ಹುಲಿಗಿ ಚೆಂಡು ಸಿಕ್ಕರ ಬಿಡೂದಿಲ್ಲ. ಹೆಂಡ್ತಿ ಇದ್ದಿದ್ರ ಅಕೀನ್ನೂ ಇಷ್ಟು ಹಿಡಕೋತಿದ್ದಿಲ್ಲ."

"ಮೂರು ಮಂದೀನ ದಾಟಿ ಹೋಗ್ತಾನಲೇ ಅವ!"

"ನಾಲ್ಕನೇದವ ಕಸಗೋತಾನ. ಎಡಕ್ಕ ಜಹೀರುದ್ದೀನ ಒಬ್ಬನ ನಿಂತು ಕೈ ಬೀಸಾಕತ್ತಿರ್ತಾನ, ಬಸ್ಸು ತಪ್ಪಿದವನಂಗ."

ಜಹೀರುದ್ದೀನ ಕಟ್ಟೆಯ ತುದಿಯಲ್ಲೇ ಕುಳಿತಿದ್ದ. ತಲೆ ತಗ್ಗಿಸಿ, "ಮೌಶಿ, ನನ್ನ ಎಲ್ಲೆರ ಇಡ್ರಿ, ಹೊರಗ ಇಡಬ್ಯಾಡ್ರಿ," ಎಂದ.

ಎಲ್ಲರೂ ಗುರುಬಾಯಿಯ ಕಡೆ ನೋಡಿದರು. ಅವಳಿಗೆ ಗೊತ್ತಿತ್ತು. ಹುಣಸೆ ಬೀಜ ನಡುವೆ ಬರಬೇಕು, ಹುರಿಗಡಲೆ ಹಿಂದೆ ಸರಿಯಬೇಕು. ಕೈ ಅಲ್ಲಿಯವರೆಗೆ ಹೋಯಿತು. ಹೊಸ್ತಿಲಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ ಸೈದಪ್ಪ ಅಗಿಯುವುದನ್ನು ನಿಲ್ಲಿಸಿ ಅವಳ ಬೆರಳನ್ನೇ ನೋಡಿದ. ನಾಲ್ಕು ವರ್ಷದವನಿದ್ದಾಗ ಅಪ್ಪನ ಹೆಣದ ಮುಂದೆ ಕುಳಿತು ನೋಡಿದ್ದ ಅದೇ ಕಣ್ಣು. ಗುರುಬಾಯಿ ಹುರಿಗಡಲೆಯ ಮೇಲಿನ ಧೂಳು ಊದಿ ಅಲ್ಲೇ ಬಿಟ್ಟಳು. ಒಳಗೆ ಹೋಗಿ ದೀಪ ಹಚ್ಚಿದಳು.

ಬೆಳಗಾಯಿತು. ಅವಳು ನೀರು ತಂದು ಬರುವಷ್ಟರಲ್ಲಿ ಅಮೀರುನ್ನಿಸಾಳ ಕಂದು ಕೋಳಿ ಕಟ್ಟೆಯ ಮೇಲೆ ನಿಂತು ಕೊಕ್ಕು ಒರೆಸುತ್ತಿತ್ತು. ಹಸಿ ಕಡಲೆ, ಅವರೆ, ತೊಗರಿ ಎಲ್ಲ ಇದ್ದಲ್ಲೇ ಇದ್ದವು. ಕೋಳಿಗೂ ರುಚಿ ತಿಳಿಯುತ್ತದೆ, ಹುರಿದದ್ದೊಂದೇ ಮಾಯ. ಅಮೀರುನ್ನಿಸಾ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಯಾ ಅಲ್ಲಾ! ಅಕ್ಕಾ, ನಮ್ಮ ಕೋಳಿ..."

ಅಷ್ಟರಲ್ಲಿ ಬಸವಂತರಾಯ ಕಾಗದ, ಪೆನ್ಸಿಲು ಹಿಡಿದು ಬಂದೇಬಿಟ್ಟ. ಮೊರದ ಮೇಲೆ ಬಗ್ಗಿದ. ಎಣಿಸಿದ. ಇನ್ನೊಮ್ಮೆ ಎಣಿಸಿದ. ಮೆಲ್ಲಗೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಗುರುಬಾಯವ್ವಾ, ಸ್ವಂತ ಮಗನ್ನ ತಗದಿಯೇನು ತಾಯಿ?"

ಗುರುಬಾಯಿ ಬಾಯಿ ತೆರೆದಳು. ಕೋಳಿ ಎಂಬ ಒಂದು ಮಾತು ಸಾಕಿತ್ತು. ಆದರೆ ನಿನ್ನೆ ಧೈರ್ಯ ಸಾಲದೆ ಬಿಟ್ಟ ಕೆಲಸವನ್ನು ಯಾರೋ ಮಾಡಿಟ್ಟು ಹೋದಂತೆ ಮೊರ ಅವಳ ಎದುರಿಗಿತ್ತು. ಅವಳು ಕೊಡ ಇಳಿಸಿದಳು.

"ಮೊರದಾಗ ಏನದ, ಅದನ್ನ ಬರಕೊಳ್ರಿ. ನಡುವ ಜಹೀರುದ್ದೀನನ್ನ ಹಾಕ್ರಿ, ಎಡಕ್ಕ ಆ ಹಮಾಲ ಭಗವಂತನ್ನ."

ಮುನಶಿ ಹೋದ ಮೇಲೆ ಅಮೀರುನ್ನಿಸಾ ಓಡಿ ಬಂದಳು. "ಅಕ್ಕಾ, ಮಂದಿ ಏನಂದಾರು? ನನ್ನ ಮಗನ ಸಲುವಾಗಿ ನಾನ ಕೋಳಿ ಬಿಟ್ಟೆ ಅಂತಾರ!"

"ನಿನ್ನ ಕೋಳಿ ಏನೂ ತಿಂದಿಲ್ಲ ಬೇ. ಒಳಗ ಹೋಗು."

ಸುದ್ದಿ ಹೊತ್ತೇರುವ ಮೊದಲೇ ಓಣಿ ತುಂಬಿತು. ಶಾಂತಲಿಂಗಪ್ಪನಂಥ ಶಾಂತಲಿಂಗಪ್ಪನೇ ಬಂದು ಕೈಮುಗಿದು ಹೋದ. ಸೈದಪ್ಪ ಮಾತ್ರ ಅವ್ವನ ಜೊತೆ ಮಾತಾಡಲಿಲ್ಲ. ಇಟ್ಟ ರೊಟ್ಟಿ ಮುಟ್ಟಲಿಲ್ಲ. ಗುರುಬಾಯಿಗೆ ಆಟದ ಸೋಲು ಗೆಲುವು ಮರೆತೇ ಹೋಯಿತು. ಮಗ ತನ್ನ ಕೈಯ ರೊಟ್ಟಿ ಇನ್ನೊಮ್ಮೆ ತಿನ್ನುತ್ತಾನೋ ಇಲ್ಲವೋ, ಅದೊಂದೇ ಚಿಂತೆ.

ಆಟ ಶುರುವಾದಾಗ ಅವನು ಬಯಲಿಗೆ ಬೆನ್ನು ಮಾಡಿ ಒಲೆಯ ಪಕ್ಕ ಕುಕ್ಕರಿಸಿದ್ದ.

"ಹಂಗ ಕುಂತ್ರ ಹೊಗಿ ಮಾರಿಗಿ ಬಡೀತದ," ಎಂದಳು.

"ಬಡೀಲಿ."

"ಆ ಕಟಗಿ ಸರಸು, ಒಲಿ ಆರಾಕತ್ತದ."

ಕಟ್ಟಿಗೆ ಸರಿಸಲು ತಿರುಗಿದವನು ಮತ್ತೆ ಬಯಲಿಗೆ ಬೆನ್ನು ಮಾಡಲಿಲ್ಲ. ಮೂರು ವರ್ಷ ಅವನು ಬಯಲನ್ನು ಚೆಂಡಿನ ಹಿಂದಿನಿಂದ ಮಾತ್ರ ನೋಡಿದ್ದ. ಅವ್ವನ ಒಲೆಯ ಮುಂದಿನಿಂದ ನೋಡಿದರೆ ಅದು ಬೇರೆಯದೇ ಬಯಲು. ಇಪ್ಪತ್ತೆರಡು ಮಂದಿ ಕಾಳುಗಳಂತೆ ಹರಡಿ ಬಿದ್ದಿದ್ದರು. ಅಷ್ಟರಲ್ಲಿ ಅಫಜಲಪುರದವರು ಒಂದು ಗೋಲು ಹೊಡೆದರು. ಕಟ್ಟೆಯವರು ನರಳಿದರು. ಸೈದಪ್ಪ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅವ್ವಾ, ಅವರ ಹಿಂದಿನ ಆ ದಪ್ಪನ್ನವ ಚೆಂಡು ಎಲ್ಲಿ ಹೋದರ ಅಲ್ಲಿಗಿ ಓಡ್ತಾನ. ಆ ಮೂಲಿ ಪೂರಾ ಖಾಲಿ ಬೀಳ್ತದ."

"ದಸರಾಕ್ಕೂ ಬಿದ್ದಿತ್ತು."

"ಹೇಳಬಾರದಾಗಿತ್ತೇನು?"

"ಹೇಳಿದ್ದೆ. ಚೆಂಡು ಬಿಟ್ಟು ನೀ ಯಾರ ಮಾತು ಕೇಳಿದಿ?"

ಮಗ ಆ ಖಾಲಿ ಮೂಲೆಯನ್ನೇ ನೋಡುತ್ತ ಕುಳಿತ. ಉಸುಕಿನಲ್ಲಿ ಕಡಲೆಯ ಸಪ್ಪಳ ಸಣ್ಣದಾಯಿತು. ಗುರುಬಾಯಿ ಗಮನಿಸಲಿಲ್ಲ. ಆ ಬಾಣಲೆಯ ಕಡಲೆ ಕರಕಾಯಿತು. ಅವಳ ಬಾಳಿನಲ್ಲಿ ಅಂಥದು ಅದೇ ಮೊದಲು.

ಅರ್ಧ ಆಟ ಮುಗಿದು ಸ್ವಲ್ಪ ಹೊತ್ತಿಗೆ ನಡುವಿನ ಮೂವರಲ್ಲಿ ಒಬ್ಬನಾದ ಗುರಣ್ಣ ಕಾಲು ಹೊರಳಿ ಬಿದ್ದ. ಬಸವಂತರಾಯ ಕಟ್ಟೆಯ ಕಡೆ ನೋಡಿ, "ಗುರುಬಾಯವ್ವಾ, ಈಗ ಯಾರು?" ಎಂದು ಕೂಗಿದ. ಅವಳು ಉತ್ತರ ಕೊಡುವ ಮೊದಲೇ ಸೈದಪ್ಪ ಧೋತರದ ಕಚ್ಚೆ ಬಿಗಿದು ಎದ್ದಿದ್ದ.

"ತೊಗರಿ ಜಾಗಾಕ್ಕ ಹೋಗ್ತೇನಿ. ಮುಂದ ಹೋಗೂದಿಲ್ಲ," ಎಂದ, ಅವಳ ಮುಖ ನೋಡದೆ.

ಅವನು ಹೋದದ್ದೂ ಹಾಗೆ, ಆಡಿದ್ದೂ ಹಾಗೆ. ಚೆಂಡು ಸಿಕ್ಕಾಗ ಮೂರು ಮಂದಿ ಅವನ ಮೇಲೆ ಬಿದ್ದರು, ಹುಲಿ ಓಡುತ್ತದೆಂದು. ಹುಲಿ ಓಡಲಿಲ್ಲ. ನಿಂತ ಕಾಲಲ್ಲೇ ಆ ಖಾಲಿ ಮೂಲೆಗೆ ಚೆಂಡು ತಳ್ಳಿತು. ಜಹೀರುದ್ದೀನ ಅಲ್ಲಿಗೆ ಓಡಿದ, ಒದ್ದ. ಗೋಲು. ಚಂದಪ್ಪ ತಂಬಾಕಿನ ಚೀಲವನ್ನೇ ಮೇಲಕ್ಕೆ ತೂರಿದ. ಆಮೇಲೆ ಯಾರೂ ಹೊಡೆಯಲಿಲ್ಲ, ಒಂದಕ್ಕೊಂದು, ಸರಿಸಮ. ಆದರೆ ಆಳಂದದವರು ಅದನ್ನು ಇವತ್ತಿಗೂ ಗೆಲುವು ಎಂದೇ ಹೇಳುತ್ತಾರೆ.

ಅಂದು ಸಂಜೆ ಸೈದಪ್ಪ ಎರಡು ಹೊತ್ತಿನ ರೊಟ್ಟಿ ಒಮ್ಮೆಗೇ ತಿಂದ. ಗುರುಬಾಯಿ ಎದುರು ಕುಳಿತು ನೋಡಿದಳು. ಕೋಳಿಯ ಮಾತು ನಾಲಿಗೆಯ ತುದಿಗೆ ಬಂತು. ಓಣಿಯೆಲ್ಲ ನ್ಯಾಯವಂತಳು ಎಂದು ಹೊಗಳುತ್ತಿತ್ತು, ಮಗನೂ ಹಾಗೇ ತಿಳಿದಿದ್ದಾನೆ ಎಂದು ಅವಳಿಗೆ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ತಿಂಗಳುಗಟ್ಟಲೆ ಬರಲಿಲ್ಲ.

ಬೇಸಗೆಗೆ ಊರಿನ ಗಾಳಿ ಕೆಟ್ಟಿತು. ನಿಜಾಮನ ಪರದ ರಜಾಕಾರರ ಭಯಕ್ಕೆ ಕೆಲವರು ಸರಹದ್ದು ದಾಟಿ ಹೋದರು, ಜಿನ್ನಿಗೆ ಬೀಗ ಬಿತ್ತು. ಆ ತಿಂಗಳುಗಳಲ್ಲಿ ಗುರುಬಾಯಿಯ ಬಾಗಿಲಲ್ಲಿ ಜಹೀರುದ್ದೀನ ಕಾವಲಿಗೆ ಮಲಗುತ್ತಿದ್ದ. ಮಳೆಗಾಲ ಮುಗಿಯುವಾಗ ಹಿಂದುಸ್ತಾನದ ಫೌಜು ಬಂದು ನಿಜಾಮನ ಆಳಿಕೆ ಮುಗಿಯಿತು. ಆಗ ಭಯ ಇನ್ನೊಂದು ಮನೆಗೆ ಹೋಯಿತು. ಅಮೀರುನ್ನಿಸಾ, ಅವಳ ಮಗ, ಅವಳ ಐದು ಕೋಳಿ, ಎಲ್ಲರೂ ಎಂಟು ದಿನ ಗುರುಬಾಯಿಯ ಒಳಮನೆಯಲ್ಲಿದ್ದರು. ಲಿಂಗದ ಗೂಡಿನ ಕೆಳಗೆ ಕಂದು ಕೋಳಿ ಮೊಟ್ಟೆ ಇಟ್ಟಿತು. "ಇದಕ್ಕ ಬಿಡಪಾ, ಏನ್ ಮಾಡಿದರೂ ನಡೀತದ," ಎಂದಳು ಗುರುಬಾಯಿ. ಸೈದಪ್ಪ ಅವಳನ್ನು ಒಂದು ಥರ ನೋಡಿ ನಕ್ಕ.

ದೀಪಾವಳಿ ಕಳೆದ ಮೇಲೆ ಕಾಗದ ಬಂತು. ಅಫಜಲಪುರದ ಪಂದ್ಯಕ್ಕೆ ಸೀಟಿ ಊದಲು ಬಂದವನು ಸೊಲ್ಲಾಪುರದ ಒಂದು ಗಿರಣಿಯಲ್ಲಿ ಆಳು ನೋಡಿಕೊಳ್ಳುವ ಮುಕಾದಮ. ಗೋಲು ಹೊಡೆದವನನ್ನಲ್ಲ, ಚೆಂಡು ಕೊಟ್ಟವನನ್ನು ಅವನು ನೆನಪಿಟ್ಟುಕೊಂಡಿದ್ದ. ಗಿರಣಿಯ ತಂಡಕ್ಕೆ ನಡುವಿನವನು ಬೇಕಂತೆ, ಕೆಲಸವೂ ಒಂದು ಖೋಲಿಯೂ ಸಿಗುತ್ತದಂತೆ. "ನೀ ಬರಲಿಲ್ಲಂದ್ರ ನಾನೂ ಹೋಗೂದಿಲ್ಲ," ಎಂದ ಸೈದಪ್ಪ.

ಹೊರಡುವ ಬೆಳಿಗ್ಗೆ ಚಂದಪ್ಪನ ಬಂಡಿ ಬಾಗಿಲಿಗೆ ಬಂತು. ಬಾಣಲೆ, ಜರಡಿ, ಉಸುಕಿನ ಗಡಿಗೆ ಏರಿದವು. ತಣ್ಣಗಾದ ಒಲೆಯ ಮುಂದೆ ಗುರುಬಾಯಿ ಮಗನನ್ನು ನಿಲ್ಲಿಸಿದಳು.

"ಒಂದು ಮಾತು ಹೊಟ್ಟಿಯಾಗ ಇಟಗೊಂಡು ಈ ಹೊಸ್ತಲ ದಾಟೂದಿಲ್ಲ ನಾನು. ಅವತ್ತು ನಿನ್ನ ತಗದಾಕಿ ನಾನಲ್ಲ ಸೈದೂ. ಅದು..."

"ಕೋಳಿ," ಎಂದ ಸೈದಪ್ಪ.

"ಯಾರು ಹೇಳಿದರು? ಅಮೀರುನ್ನಿಸಾ?"

"ಯಾರೂ ಹೇಳಿಲ್ಲ. ಹತ್ತು ಹಸಿ ಕಾಳು ಬಿಟ್ಟು ಹುರಿದದ್ದೊಂದ ಹೋಗ್ಯದ ಅಂದ್ರ ಅದು ಯಾರ ಕೆಲಸ ಅಂತ ತಿಳೀದಷ್ಟು ದಡ್ಡ ಏನು ನಾನು? ಆಟ ಮುಗದ ಮ್ಯಾಲ ಹೊಳೀತು. ನನಗೊಬ್ಬನಿಗೇ ಹುರಿದದ್ದು ಇಡ್ತಿದ್ದಿ, ಓಣಿಗೆಲ್ಲಾ ಗೊತ್ತದ ಅದು."

ಗುರುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಗೊತ್ತಿದ್ದೂ ಸುಮ್ನಿದ್ದಿಯೇನು?"

"ನೀನೂ ಸುಮ್ನಿದ್ದಿಯಲ್ಲ. ಕೋಳಿ ತಿಂದದ್ದು ಒಂದು ಕಾಳು ಅವ್ವಾ. ಮುನಶಿ ಕೇಳಿದಾಗ ಬಾಯಿ ಮುಚಗೊಂಡಾಕಿ ನೀನು. ತಗದಾಕಿ ನೀನ. ನಡಿ ಈಗ, ಬಿಸಲು ಏರ್ತದ."

ಅವಳು ನಡೆಯಲಿಲ್ಲ. ಕಟ್ಟೆಯ ಮೇಲೆ ಮೊರ ಇಟ್ಟು ಹತ್ತು ಕಾಳು ಜೋಡಿಸಿದಳು. ಹುಣಸೆ ಬೀಜ ಮುಂದೆ, ನಡುವೆ. ಅದರ ಹಿಂದೆ ತೊಗರಿ ಸಾಲಿನಲ್ಲಿ ಒಂದು ಜಾಗ ಖಾಲಿ. ಜಿನ್ನು ಮುಚ್ಚಿದ್ದರೂ ಹುಡುಗರು ಪಗಾರವಿಲ್ಲದೆ ಆಡುತ್ತಿದ್ದರು, ಜೇವರ್ಗಿಯವರು ಬರುವ ವಾರ ಬರುವವರಿದ್ದರು.

"ಮೊರ ನಿನ್ನ ಕಡೆ ಇರಲಿ," ಎಂದಳು ಅಮೀರುನ್ನಿಸಾಗೆ. "ಎಲ್ಲಾ ಹಸೀವ ಇಡು. ಕೋಳಿ ಕಟ್ಟಿಹಾಕು."

ಅಮೀರುನ್ನಿಸಾ ಅಳುತ್ತಲೇ ನಕ್ಕಳು. ಗುರುಬಾಯಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಬಾಗಿಲು ಎಳೆದಳು, ಬಂಡಿಯ ಹಿಂದೆ ಮಗನ ಜೊತೆ ನಡೆದಳು. ಓಣಿಯ ತಿರುವು ಬರುವ ಮೊದಲೇ ಹಿಂದೆ ಶಾಂತಲಿಂಗಪ್ಪನ ದನಿ ಏರಿತು: ಖಾಲಿ ಜಾಗಕ್ಕೆ ಭಗವಂತನೇ ಸೈ, ಬೇರೆ ಮಾತೇ ಇಲ್ಲ.

ಗುರುಬಾಯಿ ಗಕ್ಕನೆ ನಿಂತಳು. "ಭಗವಂತನ್ನ? ಅವಗ ಎಡಗಾಲೊಂದ ಅದ, ಬಲಗಾಲು ಬರೇ ನಿಂದರಾಕ..."

"ಅವ್ವಾ," ಎಂದ ಸೈದಪ್ಪ, ಅವಳ ಮೊಳಕೈ ಹಿಡಿದು. "ಬಂಡಿ ಮುಂದ ಹೋತು."

ಅವಳು ಗೊಣಗುತ್ತಲೇ ಹೆಜ್ಜೆ ಹಾಕಿದಳು.